ಒಳಕೋಣೆಯ ಕೆಮ್ಮು

ಕನಕಗಿರಿಯ ಸಂತೆಯಲ್ಲಿ ಚುರುಮುರಿ ಮಾರುವವರು ಹಲವರಿದ್ದರೂ ಉಡಚಮ್ಮನ ಬುಟ್ಟಿಯೇ ಮೊದಲು ಖಾಲಿಯಾಗುತ್ತಿತ್ತು. ಅವಳ ಚುರುಮುರಿಯಲ್ಲಿ ಮರಳಿನ ಹರಳು ಹಲ್ಲಿಗೆ ಸಿಗುತ್ತಿರಲಿಲ್ಲ. ಭಟ್ಟಿಯಿಂದ ತೆಗೆದದ್ದನ್ನು ಒಂದು ಸಲ ಜರಡಿ ಹಿಡಿದು ಸುಮ್ಮನಾಗುವ ಹೆಂಗಸಲ್ಲ ಅವಳು. ಮತ್ತೆ ಹಿಡಿಯುವಳು, ಮೊರದಲ್ಲಿ ಕೇರುವಳು, ಬುಟ್ಟಿಗೆ ಒಗೆದ ಧೋತರದ ತುಂಡು ಹಾಸಿ ಆಮೇಲೆ ತುಂಬುವಳು. “ಉಡಚಮ್ಮನ ಕೈ ಭಾಳ ಸ್ವಚ್ಛ” ಎಂದು ಯಾರಾದರೂ ಅಂದರೆ ಅವಳಿಗೆ ಹೊಸ ಸೀರೆ ಉಟ್ಟಷ್ಟು ಹಿಗ್ಗು. ಆ ಒಂದು ಮಾತನ್ನು ಉಳಿಸಿಕೊಳ್ಳಲು ಹೋಗಿ ಅವಳು ಮಾಡಿದ್ದನ್ನು ಮುಂದೆ ನೆನೆದಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ನೋಡಿಕೊಳ್ಳಲಾಗುತ್ತಿರಲಿಲ್ಲ.

ಗಂಡ ಹುಚ್ಚೀರಪ್ಪ ಬಾಡಿಗೆ ಗಾಡಿ ಹೊಡೆಯುವವನು. ಗಂಗಾವತಿ ಕಡೆಯ ಭತ್ತವನ್ನು ಕುಷ್ಟಗಿ, ಯಲಬುರ್ಗಿಗೆ ಹೇರಿಕೊಂಡು ಹೋದನೆಂದರೆ ಮನೆಗೆ ಬರುವ ಹೊತ್ತು ಗೊತ್ತಿರುತ್ತಿರಲಿಲ್ಲ. ಅವನು ಅವಳಿಗೆ ಸೋದರಮಾವನ ಮಗನೇ. ಮದುವೆಯಾದ ಮೇಲೆ ಹುಟ್ಟಿದ ಎರಡು ಗಂಡುಕೂಸುಗಳೂ ಕೆಮ್ಮಿ ಕೆಮ್ಮಿ, ಕುಡಿದ ಹಾಲು ಮೈಗೆ ಹತ್ತದೆ, ನಡೆಯುವ ಮೊದಲೇ ತೀರಿಕೊಂಡವು. ಬಳೆ ಮಾರುವ ಹಸನಬೀ ಉಡಚಮ್ಮನನ್ನು ತನ್ನ ಜೊತೆ ದರ್ಗಾಕ್ಕೆ ಕರೆದುಕೊಂಡು ಹೋಗಿ ಹರಕೆ ಹೊರಿಸಿದಳು. ಮುಂದಿನದು ಉಳಿದರೆ ಫಕೀರನ ಹೆಸರು. ಮುಂದಿನದು ಹೆಣ್ಣಾಯಿತು, ಉಳಿಯಿತು. ಪಕ್ಕೀರವ್ವ ಎಂದು ಕರೆದರು. ಅದು ಮೂವತ್ತೇಳನೆಯ ಇಸವಿ ಇರಬೇಕು.

ಉಳಿಯಿತು ಅಂದರೆ ಉಸಿರಾಡಿಕೊಂಡಿತ್ತು, ಅಷ್ಟೆ. ಕೂಸಿನ ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಭಟ್ಟಿಯ ಮುಂದೆ ಮಲಗಿಸಿದ ಕೂಸು, ಬೆವರು ಎಂದುಕೊಂಡಳು ಉಡಚಮ್ಮ. ಅನ್ನ ಕಲಿತ ಮೇಲೆ ಹುಡುಗಿ ತಾಟಿನ ತುಂಬ ಉಣ್ಣುವಳು, ಮತ್ತೆ ಬೇಡುವಳು. ಆದರೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಹೊರಕಡೆಗೆ ಕೂತರೆ ಎಣ್ಣೆ ಎಣ್ಣೆಯಾದ ಜಿಡ್ಡು, ಓಣಿಗೆಲ್ಲ ನಾತ. ಅಡುಗೆಮನೆಯ ಉಪ್ಪಿನ ಗಡಿಗೆಗೆ ಕೈಹಾಕಿ ಹರಳು ಬಾಯಿಗೆ ಒಗೆದುಕೊಳ್ಳುವ ಚಟ ಬೇರೆ. ಆ ಕೈಗೆ ಉಡಚಮ್ಮ ಎಷ್ಟೋ ಸಲ ಏಟು ಕೊಟ್ಟಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಆ ಕೆಮ್ಮು. ಒಮ್ಮೆ ಹಿಡಿಯಿತೆಂದರೆ ಮುಖ ಕಪ್ಪಿಟ್ಟು, ಅಂಟಂಟಾದ ಕಫ ಬಿದ್ದ ಮೇಲೆಯೇ ಬಿಡುತ್ತಿತ್ತು.

ಹುಡುಗಿಗೆ ನಾಲ್ಕು ತುಂಬುವ ಹೊತ್ತಿಗೆ, ಒಂದು ಸಂತೆಯ ದಿನ, ದಿನದ ಗಿರಾಕಿ ಯಂಕವ್ವ ಚುರುಮುರಿ ಅಳೆಸಿಕೊಂಡು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಬುಟ್ಟಿಯ ಪಕ್ಕದಲ್ಲಿ ಕೂತಿದ್ದ ಪಕ್ಕೀರವ್ವನಿಗೆ ಕೆಮ್ಮು ಹತ್ತಿತು. ಯಂಕವ್ವ ಕೂಸನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಸೆರಗು ಬಿಚ್ಚಿ ಚುರುಮುರಿಯನ್ನೆಲ್ಲ ಬುಟ್ಟಿಗೇ ಸುರಿದಳು.

“ಯವ್ವಾ, ತಪ್ಪ ತಿಳಿಬ್ಯಾಡ. ಮನ್ಯಾಗ ಸಣ್ಣ ಹುಡುಗ್ರದಾವ. ಕ್ಷಯದ ಮನಿ ತಿನಸು ಹೆಂಗ ಒಯ್ಯಲಿ?”

ಸುತ್ತ ನಿಂತವರು ಮೆಲ್ಲಗೆ ಸರಿದರು. ಆ ದಿನ ಬುಟ್ಟಿ ಹೊತ್ತುಕೊಂಡು ಹೋದದ್ದು ಹಾಗೆಯೇ ಮನೆಗೆ ಬಂತು. ದಾರಿಯುದ್ದಕ್ಕೂ ಉಡಚಮ್ಮ ಮಗಳ ಕಡೆ ತಿರುಗಲಿಲ್ಲ. ಸಿಟ್ಟು ಯಂಕವ್ವನ ಮೇಲೆ ಬರಬೇಕಾಗಿತ್ತು, ಬಂದದ್ದು ಕೂಸಿನ ಮೇಲೆ.

ಆಮೇಲೆ ಅವಳು ಓಣಿಯಲ್ಲಿ ಒಂದು ಸುದ್ದಿ ಬಿಟ್ಟಳು. “ಪಕ್ಕೀರಿನ್ನ ತವರಿಗೆ ಬಿಟ್ಟ ಬಂದೀನಿ. ಯಲಬುರ್ಗಿ ಹವಾ ಛಲೋ ಐತಂತ.” ಹುಡುಗಿ ಇದ್ದದ್ದು ಒಳಕೋಣೆಯಲ್ಲಿ. ಕಾಳು ಕಡಿ ಇಡಲು ಕಟ್ಟಿದ ಕೋಣೆ ಅದು, ಕಿಟಕಿ ಇಲ್ಲ. ಗೋಡೆಯ ಆಚೆಗೇ ಭಟ್ಟಿ. ಭತ್ತದ ಹೊಟ್ಟಿನ ಹೊಗೆ ಮಾಳಿಗೆಯ ಸಂದಿಯಿಂದ ಒಳಗೆ ಇಳಿಯುತ್ತಿತ್ತು. ಹುಚ್ಚೀರಪ್ಪ ಊರಿಗೆ ಬಂದಾಗ ಒಂದು ಮಾತು ಅಂದ. “ಎಷ್ಟ ದಿನ ಹಿಂಗ?”

“ಜನಾ ಮರಿಯೂ ತನಕ,” ಅಂದಳು ಉಡಚಮ್ಮ. ಅವನು ಮತ್ತೆ ಕೇಳಲಿಲ್ಲ. ಹುಡುಗಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಎತ್ತಿಗೆ ನೀರು ತೋರಿಸಲು ಹೋದ.

ಜನ ಮರೆತರು. ಬುಟ್ಟಿ ಮತ್ತೆ ಖಾಲಿಯಾಗತೊಡಗಿತು.

ಆ ವರ್ಷ ಕಾಲರಾ ಸೂಜಿ ಹಾಕಲು ಗಂಗಾವತಿ ದವಾಖಾನೆಯ ಡಾಕ್ಟರು ಊರಿಗೆ ಬಂದರು. ಹೈದರಾಬಾದಿನ ಕಡೆಯವರು, ಮಾತೆಲ್ಲ ಉರ್ದು. ಊರ ತಳವಾರ ಜೊತೆಗಿದ್ದು ಕನ್ನಡದಲ್ಲಿ ಹೇಳುತ್ತಿದ್ದ. ಓಣಿಯವರೆಲ್ಲ ಉಡಚಮ್ಮನ ಕಟ್ಟೆಯ ಮುಂದೆ ಸಾಲುಗಟ್ಟಿ ನಿಂತಿದ್ದರು. ಅವಳ ಪಾಳಿ ಬಂದು ತೋಳು ಮುಂದೆ ಮಾಡಿದಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಡಾಕ್ಟರು ಸೂಜಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಬಾಗಿಲ ಕಡೆ ನೋಡಿದರು.

“ಒಳಗ ಯಾರದಾರ ಅಂತ ಕೇಳಾಕತ್ತಾರ,” ಅಂದ ತಳವಾರ.

ಉಡಚಮ್ಮನ ಹಿಂದೆ ಯಂಕವ್ವ ನಿಂತಿದ್ದಳು.

“ಯಾರೂ ಇಲ್ರಿ. ಆಡಿನ ಮರಿ ಐತ್ರಿ. ಹೊಗಿಗೆ ಕೆಮ್ಮಾಕತ್ತೈತಿ.”

ಡಾಕ್ಟರು ಸೂಜಿ ಚುಚ್ಚಿ ಮುಂದಿನ ಮನೆಗೆ ಹೋದರು. ಉಡಚಮ್ಮ ನಿಟ್ಟುಸಿರು ಬಿಟ್ಟಳು. ಒಳಗಿನ ಹುಡುಗಿ ಆ ಮಾತು ಕೇಳಿಸಿಕೊಂಡಿದ್ದಾಳೆ ಎಂಬುದು ಅವಳ ತಲೆಗೇ ಬರಲಿಲ್ಲ.

ಕೆಲವು ದಿನಗಳ ಮೇಲೆ ಯಂಕವ್ವ ಮನೆಗೇ ಚುರುಮುರಿಗೆಂದು ಬಂದಳು. ಉಡಚಮ್ಮ ಅಳೆಯುತ್ತಿದ್ದಾಗ ಒಳಗೆ ಕೆಮ್ಮು ಶುರುವಾಯಿತು. ಕೆಮ್ಮು ನಿಂತದ್ದೇ, ಸಣ್ಣ ದನಿಯಲ್ಲಿ, “ಮ್ಯಾ... ಮ್ಯಾ...”

“ಆಡು ಇನ್ನೂ ಗುಣ ಆಗಿಲ್ಲೇನು ಬೇ?” ಅಂದಳು ಯಂಕವ್ವ.

“ಇಲ್ಲ ನೋಡು,” ಅಂದಳು ಉಡಚಮ್ಮ. ಯಂಕವ್ವ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಒಳಕೋಣೆಗೆ ಹೋದಳು. ಕತ್ತಲಲ್ಲಿ ಹುಡುಗಿಯ ಕಣ್ಣುಗಳಷ್ಟೇ ಹೊಳೆಯುತ್ತಿದ್ದವು.

“ಅವ್ವಾ, ಬರೋಬ್ಬರಿ ಕೂಗಿದ್ನಿಲ್ಲೊ?”

ಉಡಚಮ್ಮ ನಕ್ಕಳು. ಹೌದು, ನಕ್ಕಳು. “ಶಾಣ್ಯಾಕಿ ನನ್ನ ಮಗಳು” ಎಂದು ಗಲ್ಲ ಮುಟ್ಟಿ, ಒಂದು ಬೆಲ್ಲದ ಉಂಡಿ ತಂದು ಕೈಗಿಟ್ಟಳು. ಅಂದಿನಿಂದ ಹೊರಗೆ ಯಾರ ದನಿ ಕೇಳಿದರೂ, ಕೆಮ್ಮಿದ ಮೇಲೆ ಹುಡುಗಿ ಆಡಾಗುತ್ತಿದ್ದಳು. ಉಡಚಮ್ಮ ಬೆಲ್ಲ ಕೊಡುತ್ತಿದ್ದಳು.

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಮತ್ತೆ ಮಳೆಗಾಲ ಬಂತು. ಹುಡುಗಿ ಎದ್ದು ನಿಲ್ಲುವುದನ್ನು ಬಿಟ್ಟಳು. ನಿಲ್ಲಿಸಿದರೆ ಮೊಣಕಾಲು ಹೊರಕ್ಕೆ ಬಾಗಿ, ಅಳುತ್ತ ಕುಸಿಯುವಳು. ಆಡಿಸಿದವರಿಲ್ಲ, ಓಡಾಡಿಸಿದವರಿಲ್ಲ, ಅದಕ್ಕೇ ಸೊರಗಿದೆ ಎಂದು ಉಡಚಮ್ಮ ತನಗೆ ತಾನೇ ಹೇಳಿಕೊಂಡಳು. ಉಸಿರಾಡುವಾಗ ಎದೆಯ ಪಕ್ಕೆಗಳು ಒಳಕ್ಕೆ ಹೋಗುವುದನ್ನು ಕತ್ತಲಲ್ಲಿ ಅವಳು ನೋಡಿರಲೂ ಇಲ್ಲ.

ಹಸನಬೀ ಊರೂರು ತಿರುಗಿ ಬಳೆ ತೊಡಿಸುವ ಹೆಂಗಸು. ಆಗ ಅವಳು ಯಲಬುರ್ಗಿಯ ಸುತ್ತ ಹೋಗಿದ್ದವಳು ವಾಪಸು ಬಂದು, ಬಳೆಯ ಮಲಾರ ಕಟ್ಟೆಯ ಮೇಲಿಟ್ಟು ನೀರು ಕೇಳಿದಳು. ನೀರು ಕುಡಿದು, ಚೊಂಬು ಕೆಳಗಿಡುತ್ತ ಅಂದಳು, “ಉಡಚವ್ವ, ನಿನ್ನ ತವರಮನಿಗೆ ಹೋಗಿದ್ದೆ. ಪಕ್ಕೀರಿಗೆ ಸಣ್ಣ ಬಳಿ ತೊಡಸಬೇಕಂತ. ಕೂಸು ಅಲ್ಲಿ ಬಂದ ಇಲ್ಲಂತಲ್ಲ?”

ಉಡಚಮ್ಮ ಚೊಂಬು ಎತ್ತಿಕೊಳ್ಳಲು ಬಾಗಿದಳು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು, ಹಿಂದೆಯೇ “ಮ್ಯಾ...”

ಹಸನಬೀ ಎದ್ದು ನೇರ ಒಳಗೆ ನಡೆದಳು. ಉಡಚಮ್ಮ ತಡೆಯಲಿಲ್ಲ. ಆಮೇಲೆ ಹಸನಬೀ ಹುಡುಗಿಯನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಬೆಳಕಿಗೆ ಹುಡುಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಹಸನಬೀಯ ಕುತ್ತಿಗೆಯಲ್ಲಿ ಮುಖ ಹುಗಿದಳು. ಹಸನಬೀ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಲಾರದೊಳಗಿನ ಒಂದು ಹಸಿರು ಬಳೆ ತೆಗೆದು ಆ ಕಡ್ಡಿ ಕೈಗೆ ಏರಿಸಲು ನೋಡಿದಳು. ಅಂಗೈ ದಾಟಿದ ಬಳೆ ಮಣಿಕಟ್ಟಿಗೆ ಬಂದು ನಿಂತುಬಿಟ್ಟಿತು. ಅಲ್ಲಿ ಎಲುಬು ಗಂಟು ಗಂಟಾಗಿ ಉಬ್ಬಿತ್ತು.

“ಇಷ್ಟ ವರ್ಸ ಬಳಿ ತೊಡಸೀನಿ,” ಅಂದಳು ಹಸನಬೀ ಮೆಲ್ಲಗೆ, “ಇಂಥಾ ಕೈ ನೋಡಿಲ್ಲ. ಆಡಿನಂಗ ಕೂಗಂತ ಇದಕ ಯಾರ ಕಲಿಸಿದ್ರು?”

ಉಡಚಮ್ಮ ಗೋಡೆಯ ಕಡೆ ತಿರುಗಿ ಕೂತಳು. ಉತ್ತರ ಕೊಟ್ಟದ್ದು ಹುಡುಗಿ. “ಯಾರೂ ಕಲಿಸಿಲ್ಲ. ಹಂಗ ಕೂಗಿದ್ರ ಅವ್ವ ಸಿಟ್ಟಿಗೇಳೂದಿಲ್ಲ.”

ಮರುದಿನವೇ ಹಸನಬೀಯನ್ನೂ ಕರೆದುಕೊಂಡು ಹುಚ್ಚೀರಪ್ಪನ ಗಾಡಿಯಲ್ಲಿ ಗಂಗಾವತಿಗೆ ಹೊರಟರು. ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಉಡಚಮ್ಮ ದವಾಖಾನೆಯ ಅಂಗಳದಲ್ಲಿ ಇಳಿದಳು. ಅದೇ ಡಾಕ್ಟರು. ಅವರಿಗೆ ಅವಳ ಗುರುತು ಹತ್ತಲಿಲ್ಲ. ಅವಳು ಮಾತ್ರ, ಆ ಆಡಿನ ಮರಿಯ ಬಗ್ಗೆ ಈಗ ಕೇಳುತ್ತಾರೆ, ಇನ್ನೊಂದು ಗಳಿಗೆಗೆ ಕೇಳುತ್ತಾರೆ ಎಂದು ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಡಾಕ್ಟರು ಉರ್ದುವಿನಲ್ಲಿ ಏನೋ ಕೇಳಿದರು. ಹೊಸ ದನಿ ಕಿವಿಗೆ ಬಿದ್ದದ್ದೇ ಹುಡುಗಿ ಕೆಮ್ಮಿದಳು, ಕೆಮ್ಮಿ ಮುಗಿಸಿ ರೂಢಿಯಂತೆ, “ಮ್ಯಾ... ಮ್ಯಾ...” ಎಂದಳು.

ಅಂಗಳದಲ್ಲಿ ಕೂತಿದ್ದ ಜನರೆಲ್ಲ ಗೊಳ್ಳೆಂದು ನಕ್ಕರು. ಕಂಪೌಂಡರನೂ ನಕ್ಕ. ನಗುವವರ ನಡುವೆ ಹುಡುಗಿ ಸೆರಗು ಸರಿಸಿ ಅವ್ವನ ಮುಖ ನೋಡಿದಳು, ಕೈ ಚಾಚಿದಳು, ಬೆಲ್ಲಕ್ಕೆ. ಆ ಚಾಚಿದ ಕೈಯನ್ನು ಹಿಡಿದುಕೊಂಡು ಉಡಚಮ್ಮ ನೆಲ ನೋಡುತ್ತ ನಿಂತಳು. ಭೂಮಿ ಬಾಯಿಬಿಡಲಿ ಅನಿಸಿತು.

ಡಾಕ್ಟರು ನಗಲಿಲ್ಲ. ಮಣಿಕಟ್ಟು ಮುಟ್ಟಿದರು, ಪಕ್ಕೆಗಳ ಮೇಲೆ ಬೆರಳಾಡಿಸಿದರು, ಕಾಲು ಚಾಚಿಸಿ ನೋಡಿದರು, ಎದೆಗೆ ಬೆನ್ನಿಗೆ ನಳಿಗೆ ಇಟ್ಟು ಬಹಳ ಹೊತ್ತು ಆಲಿಸಿದರು. ಅವರು ಹೇಳಿದ್ದನ್ನು ಹಸನಬೀ ತುಂಡು ತುಂಡಾಗಿ ಕನ್ನಡಕ್ಕೆ ತಂದಳು.

“ಹೈದರಾಬಾದಿನ್ಯಾಗ, ಸಂದಿ ಮನ್ಯಾಗ ಹೊರಗ ಬರದ ಗೋಷಾದಾಗಿರೋ ಹೆಣ್ಣಮಕ್ಕಳ ಕೂಸಿಗೆ ಇಂಥಾ ಎಲುಬು ನೋಡ್ಯಾರಂತ. ಈ ಬಿಸಲ ನಾಡಿನ್ಯಾಗ ಹೆಂಗ ಬಂತು ಅಂತ ಕೇಳ್ತಾರ. ಕೂಸಿನ್ನ ಎಲ್ಲಿ ಇಟ್ಟಿದ್ರಿ ಅಂತ ಕೇಳ್ತಾರ.”

ಹುಚ್ಚೀರಪ್ಪ ಬಾಗಿಲಾಚೆ ಎತ್ತುಗಳನ್ನು ನೋಡುತ್ತಿದ್ದ.

“ಒಳಗ,” ಅಂದಳು ಉಡಚಮ್ಮ. “ಕತ್ತಲಾಗ ಇಟ್ಟಿದ್ದೆ ಅಂತ ಹೇಳು. ನಾನ ಇಟ್ಟಿದ್ದೆ.”

ಹಸನಬೀ ಅದನ್ನು ಉರ್ದುವಿಗೆ ತರುವಾಗ ದನಿ ಸಣ್ಣದು ಮಾಡಿದಳು. ಡಾಕ್ಟರು ಬೈಯುತ್ತಾರೆ ಎಂದು ಉಡಚಮ್ಮ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಬೈಯದೆ ಬಹಳ ಹೊತ್ತು ಮಾತಾಡಿದರು. ಬಿಸಿಲಿಗೆ ಕೂತರೆ ಮೈಯೊಳಗೆ ತಾನಾಗಿ ಹುಟ್ಟುವ ಒಂದು ಸತ್ವವಿದೆ, ಅದಕ್ಕೆ ವಿಟಮಿನ್ ಡಿ ಅನ್ನುತ್ತಾರೆ, ಅದು ಮೀನೆಣ್ಣೆಯಲ್ಲೂ ಇರುತ್ತದೆ, ಅದಿಲ್ಲದೆ ಎಲುಬು ಮೆದುವಾಗುತ್ತದೆ. ಪಕ್ಕೆಯ ಎಲುಬೇ ಮೆದುವಾದರೆ ಎದೆ ಹಿಗ್ಗುವುದು ಹೇಗೆ, ಕಫ ಹೊರಗೆ ಬರುವುದು ಹೇಗೆ? ಇಷ್ಟು ಹೇಳಿ, ಹೊರಕಡೆಯ ಜಿಡ್ಡಿನ ಬಗ್ಗೆ ಕೇಳಿ ತಿಳಿದುಕೊಂಡು, ಮತ್ತೊಂದು ಮಾತು ಸೇರಿಸಿದರು. “ಎಣ್ಣಿ ತುಪ್ಪ ಇದರ ಮೈಗೆ ಹತ್ತೂದಿಲ್ಲಂತ ಕಾಣ್ತೈತಂತ,” ಅಂದಳು ಹಸನಬೀ. “ಮೀನೆಣ್ಣಿನೂ ಅರ್ಧ ಹಂಗ ಹೊಂಟ ಹೋಗತೈತಂತ. ಅದಕ್ಕ ಮಂದಿ ಮಕ್ಕಳಿಗಿಂತ ಇದಕ್ಕ ಬಿಸಲ ಜಾಸ್ತಿ ಬೇಕಿತ್ತಂತ.”

“ಕ್ಷಯ?” ಅಂದಳು ಉಡಚಮ್ಮ.

ಡಾಕ್ಟರು ತಲೆ ಅಲ್ಲಾಡಿಸಿದರು. ಕ್ಷಯದ ಹಾಗೆ ಕಾಣುವುದಿಲ್ಲ. ಹೊಟ್ಟೆ, ಎದೆ ಎರಡನ್ನೂ ಹಿಡಿದ ಈ ಜಡ್ಡಿನ ಹೆಸರು ತನಗೂ ಗೊತ್ತಿಲ್ಲ, ಗುಣವಾಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ ಅಂದರು. ಅಂಥ ಕಾಯಿಲೆ ಒಂದುಂಟು, ಅದರಲ್ಲಿ ಮೈಯ ಉಪ್ಪೆಲ್ಲ ಬೆವರಿನೊಡನೆ ಹೋಗುತ್ತದೆ ಎಂಬುದು ಆ ಕಾಲಕ್ಕೆ ಈ ಸೀಮೆಯ ಯಾವ ದವಾಖಾನೆಗೂ ತಿಳಿದಿರಲಿಲ್ಲ. ಮುಂಜಾನೆಯ ಎಳೆಬಿಸಿಲು, ದಿನಕ್ಕೊಂದು ಚಮಚ ಮೀನೆಣ್ಣೆ, ಹೊಗೆಯಿಂದ ದೂರ. ಅಷ್ಟು ಹೇಳಿ ಸೀಸೆ ಕೊಟ್ಟು ಕಳಿಸಿದರು.

ದಾರಿಯಲ್ಲಿ ಗಾಡಿಯ ಮೇಲೆ ಕೂತ ಉಡಚಮ್ಮನ ಸುತ್ತ ಬಿಸಿಲೇ ಬಿಸಿಲು. ಹೊಲದ ಮೇಲೆ, ಬಂಡೆಗಳ ಮೇಲೆ, ಎತ್ತಿನ ಬೆನ್ನಿನ ಮೇಲೆ, ಯಾರೂ ಕೇಳದೆ ಬಿದ್ದಿತ್ತು. ನೆರಳಿಗಾಗಿ ಜನ ಒದ್ದಾಡುವ ಊರಿನಲ್ಲಿ ಅವಳು ಒಂದು ಕೂಸಿಗೆ ಬಿಸಿಲು ಸಿಗದ ಹಾಗೆ ಮಾಡಿದ್ದಳು. ಇದನ್ನು ನೆನೆದು ಅವಳು ಮುಖ ಎತ್ತಲಿಲ್ಲ.

ಮನೆಗೆ ಬಂದವಳೇ ಭಟ್ಟಿಯನ್ನು ಒಡೆದು ಹಿತ್ತಲ ಕೊನೆಗೆ ಕಟ್ಟಿದಳು. ಮುಂಜಾನೆ ಎದ್ದು ಕಟ್ಟೆಯ ಮೇಲೆ ಕೌದಿ ಹಾಸಿ, ಎಲ್ಲರೂ ನೋಡುವ ಹಾಗೆ, ಮಗಳನ್ನು ಬರಿಮೈಯಲ್ಲಿ ಕೂರಿಸಿದಳು. “ಯಲಬುರ್ಗಿಯಿಂದ ಯಾವಾಗ ಬಂತು?” ಎಂದು ಕೇಳಿದವರಿಗೆ, “ಹೋಗೇ ಇರಲಿಲ್ಲ” ಅಂದಳು. ಯಂಕವ್ವನಂಥವರು ಚುರುಮುರಿ ಬಿಟ್ಟರು. ಬುಟ್ಟಿ ಅರ್ಧ ಉಳಿದುಕೊಂಡು ಬರತೊಡಗಿತು.

ಮೀನೆಣ್ಣೆಯ ವಾಸನೆಗೆ ದೊಡ್ಡವರೇ ಮುಖ ಕಿವುಚುತ್ತಿದ್ದರು. ಹುಡುಗಿ ಚಮಚವನ್ನೂ ನೆಕ್ಕುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ ಗೋಡೆ ಹಿಡಿದು ನಿಂತಳು. ಯುಗಾದಿಗೆ ಕಟ್ಟೆಯ ಈ ತುದಿಯಿಂದ ಆ ತುದಿಗೆ, ಬಾಗಿದ ಕಾಲಲ್ಲೇ, ಬಾತುಕೋಳಿಯಂತೆ ನಡೆದಳು. ಕೆಮ್ಮು ಹೋಗಲಿಲ್ಲ. ಆದರೆ ಕೆಮ್ಮಿದರೆ ಕಫ ಬಂದು ಎದೆ ಬಿಡುವಾಗುತ್ತಿತ್ತು. ಮುಖ ಕಪ್ಪಿಡುವುದು ಕಡಿಮೆಯಾಯಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮಾಡಿದ ತಪ್ಪನ್ನು ಬೇಗ ಬೇಗ ತೊಳೆದುಕೊಳ್ಳುವ ಆತುರ ಉಡಚಮ್ಮನಿಗೆ. ಎಳೆಬಿಸಿಲೇ ಇಷ್ಟು ಮಾಡಿದರೆ ದಿನವಿಡೀ ಬಿಸಿಲು ಎಷ್ಟು ಮಾಡೀತು? ಆ ಬೇಸಿಗೆ ಅವಳು ಹುಡುಗಿಯನ್ನು ಹೊತ್ತು ನೆತ್ತಿಗೇರಿದರೂ ಒಳಗೆ ಕರೆಯಲಿಲ್ಲ. ಒಂದು ಮಧ್ಯಾಹ್ನ ಭಟ್ಟಿಯಿಂದ ಬಂದು ನೋಡುತ್ತಾಳೆ, ಹುಡುಗಿ ಕೌದಿಯ ಮೇಲೆ ವಾಲಿ ಬಿದ್ದಿದ್ದಾಳೆ. ಹಣೆ, ಗಲ್ಲದ ಮೇಲೆಲ್ಲ ಬಿಳಿ ಬಿಳಿ ಪುಡಿ. ಕೈಕಾಲು ಬಟ್ಟೆಯಂತೆ ಜೋತಿವೆ. ಎತ್ತಿಕೊಂಡು ಒಳಗೆ ಓಡಿ ಬಾಯಿಗೆ ನೀರು ಹಾಕಿದಳು. ನೀರು ಹೊರಗೆ ಬಂತು.

“ಪಕ್ಕೀ, ಏನ ಬೇಕವ್ವಾ? ಏನ ಕೊಡ್ಲಿ?”

ಹುಡುಗಿಯ ತುಟಿ ಅಲುಗಿತು. “ಉಪ್ಪ.” ಅಂದವಳೇ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು, ಏಟು ಬಿದ್ದೀತೆಂದು.

ಉಡಚಮ್ಮ ಆ ಕೈಯನ್ನು ಹಿಡಿದು ಸವರಿದಳು. ಕೊನೆಯ ಆಸೆ ಎಂದುಕೊಂಡು, ಹಿಡಿ ಉಪ್ಪು ತಂದು ಮಜ್ಜಿಗೆಯಲ್ಲಿ ಕದಡಿ ಬೆರಳಿನಿಂದ ಬಾಯಿಗೆ ಬಿಟ್ಟಳು. ಹುಡುಗಿ ಚೀಪಿದಳು. ಮತ್ತೆ ಬಿಟ್ಟಳು, ಮತ್ತೆ ಚೀಪಿದಳು. ಹೊತ್ತು ಇಳಿಯುವುದರೊಳಗೆ ಎದ್ದು ಕೂತು ರೊಟ್ಟಿ ಕೇಳಿದಳು. ಆ ದೇಹಕ್ಕೆ ಉಪ್ಪು ಬೇಕಾಗಿತ್ತು, ಅದು ವರ್ಷಗಟ್ಟಲೆ ಬೇಡಿತ್ತು, ಅವಳು ವರ್ಷಗಟ್ಟಲೆ ಆ ಕೈಗೆ ಹೊಡೆದಿದ್ದಳು. ಅಂದಿನಿಂದ ಉಪ್ಪಿನ ಗಡಿಗೆ ಹುಡುಗಿಯ ಕೈಗೆ ಎಟಕುವಲ್ಲಿ ಇತ್ತು. ಬಿಸಿಲು ಮುಂಜಾನೆಗಷ್ಟೇ.

ಮುಂದಿನ ವರ್ಷಗಳು ಒಳ್ಳೆಯವು ಅನ್ನಬೇಕು. ಪಕ್ಕೀರವ್ವ ಸಂತೆಗೆ ಬರುತ್ತಿದ್ದಳು, ಚಪ್ಪರದ ನೆರಳಲ್ಲಿ ಕೂತು ಪಾವಿನಲ್ಲಿ ಚುರುಮುರಿ ಅಳೆಯುತ್ತಿದ್ದಳು. ಹಸನಬೀ ಎರಡೂ ಕೈತುಂಬ ಬಳೆ ತೊಡಿಸಿದ್ದಳು, ಉಬ್ಬಿದ ಮಣಿಕಟ್ಟು ದಾಟುವಂಥ ದೊಡ್ಡವು. ಎಂಟು ವರ್ಷದ ಹುಡುಗಿ ಒಂದು ಸಂಜೆ ರೊಟ್ಟಿ ಮುರಿಯುತ್ತ, ತನ್ನಷ್ಟಕ್ಕೆ ತಾನು ನಕ್ಕಳು.

“ಅವ್ವಾ, ನಾ ಆಡಾಗಿದ್ದೆ, ನೆನಪೈತೇನ? ಯಂಕವ್ವ ಖರೇನ ಆಡು ಅಂದ್ಕೊಂಡಿದ್ಲು! ನೀ ಬೆಲ್ಲ ಕೊಡ್ತಿದ್ದಿ. ಎಷ್ಟ ಚಂದಿತ್ತು ಆ ಆಟ.”

ರೊಟ್ಟಿ ಬಡಿಯುತ್ತಿದ್ದ ಉಡಚಮ್ಮನ ಕೈ ನಿಂತಿತು. ಈಗ ಹೇಳಿಬಿಡಬೇಕು ಅನಿಸಿತು. ಅದು ಆಟವಲ್ಲ, ನಿನ್ನನ್ನು ಕಂಡು ನನಗೆ ನಾಚಿಕೆಯಾಗಿತ್ತು, ಈಗ ನನ್ನನ್ನು ಕಂಡು ನನಗೆ ನಾಚಿಕೆ. “ಪಕ್ಕೀ, ಅದು ಆಟ ಆಗಿರಲಿಲ್ಲವ್ವಾ...” ಅಂದಳು.

“ಮತ್ತೇನಿತ್ತು?” ಹುಡುಗಿ ಮುಖವೆತ್ತಿ ನೋಡಿದಳು. ಅಷ್ಟು ನಂಬಿಕೆಯ ಮುಖ. ಆ ಕೂಸಿನ ನೆನಪಿನಲ್ಲಿ ಇದ್ದ ಒಂದೇ ಸಿಹಿಯನ್ನು ಕಿತ್ತುಕೊಂಡರೆ ಹಗುರಾಗುವುದು ಯಾರ ಎದೆ?

“ಏನಿಲ್ಲ. ಉಣ್ಣು,” ಅಂದಳು ಉಡಚಮ್ಮ. ತಾನು ಹೇಳದೆ ಉಳಿದದ್ದು ಮಗಳ ಮೇಲಿನ ಪ್ರೀತಿಗೋ, ತನ್ನ ಪುಕ್ಕಲುತನಕ್ಕೋ ಎಂಬುದು ಅವಳಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ನಲವತ್ತಾರನೆಯ ಇಸವಿಯ ಚಳಿಗೆ ಕೆಮ್ಮು ತಿರುಗಿ ಎದೆ ಕಟ್ಟಿತು. ಆ ಡಾಕ್ಟರು ಆಗ ವರ್ಗವಾಗಿ ಹೋಗಿದ್ದರು. ಹೊಸಬರು ಔಷಧ ಕೊಟ್ಟರು, ಎದೆಗೆ ಶಾಖ ಹೇಳಿದರು. ಹುಡುಗಿ ಒಂದು ಮುಂಜಾನೆ, ಪಡಸಾಲೆಯಲ್ಲಿ, ಹಸನಬೀಯ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋದಳು. ಓಣಿಯವರೆಲ್ಲ ಬಂದರು. ಯಂಕವ್ವನೂ ಬಂದು ಉಡಚಮ್ಮನ ಬೆನ್ನು ಸವರಿ ಅಂದಳು, “ಅಂಥಾ ಕೂಸಿನ್ನ ಇಷ್ಟ ವರ್ಸ ಜ್ವಾಕಿ ಮಾಡಿದೆಲ್ಲ ತಾಯಿ, ನಿನ್ನಂಥಾಕಿ ಊರಾಗಿಲ್ಲ.” ಉಡಚಮ್ಮ ಆ ಕೈ ಸರಿಸಿ ಎದ್ದು ಹೋದಳು. ದುಃಖಕ್ಕೆ ಹಾಗೆ ಮಾಡಿದಳು ಎಂದರು ಜನ.

ಮಣ್ಣು ಮಾಡಿ ಬಂದ ಮೇಲೆ ಹುಚ್ಚೀರಪ್ಪ ಗಾಡಿ ಹೂಡಲಿಲ್ಲ. ಎತ್ತುಗಳ ಮುಂದೆ ಕೂತೇ ಇರುತ್ತಿದ್ದ. ಒಂದು ಸಂಜೆ ಉಡಚಮ್ಮ ರೊಟ್ಟಿಗೆ ಕರೆಯಲು ಹೋದಾಗ ಅವನು ತಲೆ ಎತ್ತದೆ ಮಾತಾಡಿದ.

“ಗಾಡಿ ಬಿಡೋ ಜಾಗದಾಗ ಮಂದಿ ಕೇಳ್ತಿದ್ರು, ಮಕ್ಕಳೆಷ್ಟು ಅಂತ. ಕುಷ್ಟಗಿಯಾಗ, ಯಲಬುರ್ಗಿಯಾಗ. ಒಂದ ಸಲಾನೂ ನನಗೊಬ್ಬಾಕಿ ಮಗಳದಾಳ ಅಂತ ಹೇಳಲಿಲ್ಲ. ಇಲ್ಲ ಅಂತಿದ್ದೆ. ಆಕಿ ಸಂತ್ಯಾಗ ಕುಂತು ಚುರುಮುರಿ ಅಳಿಯೂ ಮುಂದ ಸೈತ, ಇಲ್ಲ ಅಂತಿದ್ದೆ.”

ಇಷ್ಟು ವರ್ಷ ಆ ನಾಚಿಕೆಯನ್ನು ತಾನೊಬ್ಬಳೇ ಹೊತ್ತೆ ಎಂದುಕೊಂಡಿದ್ದಳು ಉಡಚಮ್ಮ. ಅವನ ಮೇಲೆ ಸಿಟ್ಟು ಮಾಡಲು ನೋಡಿದಳು, ಬರಲಿಲ್ಲ. ಅವನ ಪಕ್ಕ ಸೆಗಣಿ ನೆಲದ ಮೇಲೆಯೇ ಕೂತಳು. ಎತ್ತುಗಳು ಮೆಲುಕು ಹಾಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಎದ್ದು ಒಳಗಿನಿಂದ ತಾಟು ತಂದು ಇಬ್ಬರ ನಡುವೆ ಇಟ್ಟಳು. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಉಂಡರು.